ಖ ಯಾವ ಬದಿಗೆ?

ರಾತ್ರಿಶಾಲೆಯ ಹುಡುಗರಿಗೆ ತೂಕಡಿಕೆ ಬಾರದ ಹಾಗೆ ಏನಾದರೂ ಮಾಡಬೇಕಿತ್ತು, ಶುರುವಾದದ್ದು ಅಲ್ಲಿಂದ. 1984ರ ಮಾತು. ಹಗಲು ನಾನು ಮುಂಬಯಿಯ ಫೋರ್ಟಿನಲ್ಲಿ ಬ್ಯಾಂಕೊಂದರ ಗುಮಾಸ್ತ. ಸಂಜೆ ಲೆಡ್ಜರು ಮುಚ್ಚಿ, ಕಟಿಂಗ್ ಚಹಾ ಕುಡಿದು, ಹತ್ತು ನಿಮಿಷ ನಡೆದರೆ ಶಾಲೆ. ಏಳಕ್ಕೆ ಕ್ಲಾಸು, ಒಂಬತ್ತೂವರೆಗೆ ಮುಗಿಸಿ ವಿ.ಟಿ.ಗೆ ಓಡಿ ಡೊಂಬಿವಲಿಯ ಗಾಡಿ ಹಿಡಿಯಬೇಕು. ನನ್ನೆದುರು ಕೂರುತ್ತಿದ್ದವರು ಬೆಳಗಿನ ನಾಲ್ಕೂವರೆಗೆ ಎದ್ದು ಇಡ್ಲಿಹಿಟ್ಟಿನ ತಪ್ಪಲೆ ಎತ್ತಿದವರು, ಆಫೀಸು ಕ್ಯಾಂಟೀನುಗಳಲ್ಲಿ ಮಧ್ಯಾಹ್ನವಿಡೀ ತಟ್ಟೆ ತೆಗೆದು ಟೇಬಲ್ ಒರೆಸಿದವರು. ಹನ್ನೆರಡು ವರ್ಷದವರೂ ಇದ್ದರು, ಇಪ್ಪತ್ತೆರಡರವರೂ ಇದ್ದರು. ಬೆರಳ ಸಂದಿಯಲ್ಲಿ ನೀರು ತಿಂದ ಹುಣ್ಣು, ಅಂಗಿಗೆ ಸಾಂಬಾರಿನ ವಾಸನೆ. ಎಂಟೂವರೆಯ ಹೊತ್ತಿಗೆ ಹಿಂದಿನ ಬೆಂಚು ಪೂರ್ತಿ ನಿದ್ದೆ. ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಎಬ್ಬಿಸದಿದ್ದರೆ ಅವರು ಅಷ್ಟು ಕಷ್ಟಪಟ್ಟು ಬಂದದ್ದಕ್ಕೆ ಅರ್ಥ ಉಳಿಯುತ್ತಿರಲಿಲ್ಲ.

ಈ ರಾತ್ರಿಶಾಲೆಗಳ ಬಗ್ಗೆ ಊರಿನಲ್ಲಿರುವವರಿಗೆ ಹೆಚ್ಚು ಗೊತ್ತಿರಲಿಕ್ಕಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮುಂತಾದ ಸಂಸ್ಥೆಗಳು ಕರಾವಳಿಯಿಂದ ಬಂದ ಮಕ್ಕಳಿಗಾಗಿ ಇವನ್ನು ನಡೆಸಿಕೊಂಡು ಬಂದವು. ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಬಂದಿಳಿದ ಹುಡುಗ ಮೊದಲು ಹೋಟೆಲಿನ ಒಳಗೆ ಸೇರುತ್ತಿದ್ದ, ಅಲ್ಲಿಂದ ರಾತ್ರಿಶಾಲೆಗೆ, ಅಲ್ಲಿಂದ ಮೆಟ್ರಿಕ್‌ಗೆ, ಮುಂದೆ ಬ್ಯಾಂಕಿಗೋ ಸ್ವಂತ ಗಲ್ಲೆಗೋ. ಮುಂಬಯಿ ಕನ್ನಡಿಗರ ಅರ್ಧ ಚರಿತ್ರೆ ರಾತ್ರಿ ಏಳರಿಂದ ಒಂಬತ್ತೂವರೆಯ ನಡುವೆ ನಡೆದದ್ದು ಎಂದರೆ ಹೆಚ್ಚಾಗಲಾರದು.

ಆ ವರ್ಷದ ಒಂದು ಶನಿವಾರ ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಇಟ್ಟಿಗೆಯಷ್ಟು ದಪ್ಪದ ಒಂದನ್ನು ಎತ್ತಿಕೊಂಡೆ. ಡಗ್ಲಸ್ ಹಾಫ್‌ಸ್ಟಾಡ್ಟರ್ ಬರೆದ 'ಗೋಡೆಲ್, ಎಷರ್, ಬಾಖ್'. 1979ರಲ್ಲಿ ಬಂದ ಪುಸ್ತಕ. ನನ್ನ ತಲೆಗೆ ಹತ್ತಿದ್ದು ಕಾಲು ಭಾಗ. ಆದರೆ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಚೌಕಗಳೊಳಗಿನ ಕೆಲವು ಚಿತ್ರಗಳಿದ್ದವು. ಕುರ್ಲಾ ದಾಟುವಾಗ ಅದನ್ನು ತೆರೆದವನು ಡೊಂಬಿವಲಿ ಬಂದದ್ದು ತಿಳಿಯದೆ ಕಲ್ಯಾಣಕ್ಕೆ ಹೋಗಿ ಇಳಿದೆ.

ಅವು ಮಿಖಾಯಿಲ್ ಬೊಂಗಾರ್ಡ್ ಎಂಬ ರಷ್ಯನ್ ವಿಜ್ಞಾನಿಯ ಒಗಟುಗಳು. ಎಡಕ್ಕೆ ಆರು ಚಿತ್ರ, ಬಲಕ್ಕೆ ಆರು. ಎಡಗಡೆಯ ಆರಕ್ಕೂ ಒಂದು ಗುಣ ಇದೆ. ಬಲಗಡೆಯ ಆರರಲ್ಲಿ ಒಂದಕ್ಕೂ ಇಲ್ಲ. ಯಾವ ಗುಣ ಅದು, ಹೇಳಿ. ಇಷ್ಟೇ. ಪ್ರಶ್ನೆಯನ್ನು ಓದಬೇಕಾಗಿಲ್ಲ, ಉತ್ತರ ಬರೆಯಬೇಕಾಗಿಲ್ಲ, ಯಾವ ಭಾಷೆಯೂ ಬೇಕಿಲ್ಲ. ಯಂತ್ರಗಳು ಚಿತ್ರವನ್ನು ಗುರುತಿಸುವುದು ಹೇಗೆ ಎಂದು ಯೋಚಿಸುತ್ತ ಬೊಂಗಾರ್ಡ್ ಇಂಥ ನೂರು ಒಗಟುಗಳನ್ನು ಕಟ್ಟಿ, 1967ರಲ್ಲಿ ಬಂದ ತನ್ನ ಪುಸ್ತಕದ ಕೊನೆಯಲ್ಲಿ ಸೇರಿಸಿದ. ಮೊದಲನೆಯದರಲ್ಲಿ ಎಡದ ಚೌಕಗಳು ಬರೀ ಖಾಲಿ, ಬಲದವುಗಳಲ್ಲಿ ಏನೋ ಒಂದು ಇದೆ. ಎರಡನೆಯದು ದೊಡ್ಡದು, ಚಿಕ್ಕದು. ಮೂರನೆಯದು ಬರೀ ಗೆರೆ, ತುಂಬಿದ ಕಪ್ಪು. ಹೀಗೆ ಮೆಟ್ಟಿಲು ಹತ್ತುತ್ತ ಹೋಗಿ ನೂರನೆಯದರಲ್ಲಿ ಬಗೆಬಗೆಯಾಗಿ ಬರೆದ ರಷ್ಯನ್ 'ಅ' ಒಂದು ಕಡೆ, 'ಬ' ಇನ್ನೊಂದು ಕಡೆ. ಖಾಲಿಯಿಂದ ಹೊರಟು ಅಕ್ಷರಕ್ಕೆ ಬಂದು ನಿಲ್ಲುವ ಆ ಕ್ರಮ ಒಬ್ಬ ಮೇಷ್ಟರಿಗೆ ಹೇಗೆ ಕಂಡಿತು ಎಂದು ಬೇರೆ ಹೇಳಬೇಕಿಲ್ಲ. ಬೊಂಗಾರ್ಡ್ 1971ರಲ್ಲಿ ಪರ್ವತಾರೋಹಣಕ್ಕೆ ಹೋಗಿ ತೀರಿಕೊಂಡ. ಆಗ ಅವನಿಗಿನ್ನೂ ಐವತ್ತು ತುಂಬಿರಲಿಲ್ಲ.

ನಾನು ಮದುವೆಯ ಹಳೆಯ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ ಹಿಂಬದಿಯಲ್ಲಿ ಚಿತ್ರ ಬರೆದೆ. ಹನ್ನೆರಡು ಕಾರ್ಡಿಗೆ ಒಂದು ಒಗಟು. ಮೇಜಿನ ನಡುವೆ ಸೀಮೆಸುಣ್ಣದ ಒಂದು ಗೆರೆ. ಎಂಟೂವರೆಗೆ ಪಾಠ ನಿಲ್ಲಿಸಿ ಕಾರ್ಡು ಹಾಸಿದರೆ ಹಿಂದಿನ ಬೆಂಚಿನವರೂ ಎದ್ದು ಬಂದು ಮೇಜಿನ ಸುತ್ತ ನಿಲ್ಲುತ್ತಿದ್ದರು. ನಿಂತವನಿಗೆ ನಿದ್ದೆ ಬರುವುದಿಲ್ಲ ಎಂಬುದೂ ಒಂದು ಉಪಾಯವೇ ಅನ್ನಿ.

ಚಿತ್ರದಿಂದ ಅಕ್ಷರಕ್ಕೆ ಬಂದೆವು. ಎಡಕ್ಕೆ ಕ, ಗ, ತ, ನ, ಮ, ಸ. ಬಲಕ್ಕೆ ಖ, ಜ, ಟ, ಣ, ಬ, ಲ. ತಲೆಕಟ್ಟು ಇದ್ದವು, ಇಲ್ಲದವು. ಇದನ್ನು ಕನ್ನಡವೇ ಬಾರದ ನನ್ನ ಮರಾಠಿ ಸಹೋದ್ಯೋಗಿ ಬ್ಯಾಂಕಿನ ಊಟದ ಬಿಡುವಿನಲ್ಲಿ ಒಂದು ನಿಮಿಷಕ್ಕೆ ಬಿಡಿಸಿದರು. ನನಗೆ ಹೆಮ್ಮೆಯಾಯಿತು. ಅದೇ ಹೆಮ್ಮೆಯಲ್ಲಿ ಇನ್ನೊಂದು ಕಟ್ಟಿದೆ. ಎಡಕ್ಕೆ ಛ, ಢ, ಥ, ಧ, ಫ, ಭ. ಬಲಕ್ಕೆ ಚ, ಡ, ತ, ದ, ಪ, ಬ. ಮಹಾಪ್ರಾಣ, ಅಲ್ಪಪ್ರಾಣ. ಒಗಟನ್ನು ಬಾಯಲ್ಲಿ ಬಿಡಿಸಿದರೆ ಸಾಲದು, ತಿಳಿದಿದೆಯೋ ಇಲ್ಲವೋ ನೋಡಬೇಕು ಎಂದು ಹದಿಮೂರನೆಯ ಕಾರ್ಡೊಂದನ್ನು ಕೈಯಲ್ಲಿಟ್ಟುಕೊಂಡು ಒಬ್ಬೊಬ್ಬರನ್ನೇ ಕರೆದೆ. ಆ ಕಾರ್ಡಿನಲ್ಲಿದ್ದದ್ದು ಖ.

ಬೈಂದೂರಿನ ಕಡೆಯ ಒಬ್ಬ ಹುಡುಗನಿದ್ದ. ಹದಿನೈದು ವರ್ಷ. ಮೂರನೆಯ ಕ್ಲಾಸಿಗೆ ಊರಿನ ಶಾಲೆ ಬಿಟ್ಟವನು. ಓದು ನಿಧಾನ, ಬರೆಹ ಅದಕ್ಕಿಂತ ನಿಧಾನ. ನನ್ನ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಕೆಂಪು ಗುರುತುಗಳೇ ಹೆಚ್ಚು. ಅವನು ಖ ಕಾರ್ಡನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದ. ಎಡದ ಆರನ್ನು ನೋಡಿದ, ಬಲದ ಆರನ್ನು ನೋಡಿದ. ಆಮೇಲೆ ಅದನ್ನು ಬಲಕ್ಕೆ ಇಟ್ಟ.

"ತಪ್ಪು," ಎಂದೆ.

"ಇದ್ರ ಹೊಟ್ಟಿ ಸೀಳ್ಲಿಲ್ಲ ಅಲ್ದಾ ಮಾಷ್ಟ್ರೆ?"

"ಅದು ಮಹಾಪ್ರಾಣ. ಎಡಕ್ಕೆ ಹೋಗಬೇಕು."

ಅವನು ಎಡದ ಕಾರ್ಡುಗಳ ಮೇಲೆ ಒಂದೊಂದಾಗಿ ಬೆರಳಿಟ್ಟ. ನೀರು ತಿಂದು ಬಿಳುಚಿದ ಬೆರಳು. ಛ, ಢ, ಥ, ಧ, ಫ, ಭ. ಪ್ರತಿಯೊಂದರ ಕೆಳಗೂ ಆ ಪುಟ್ಟ ಸೀಳುಗೆರೆ. "ಇದಕ್ಕೆ ಇತ್ತ್. ಇದಕ್ಕೆ ಇತ್ತ್. ಇದಕ್ಕೂ ಇತ್ತ್," ಎಂದು ಆರನ್ನೂ ಮುಗಿಸಿ ಖ ತೋರಿಸಿದ. "ಇದಕ್ಕಿಲ್ಲ. ಕಾಣಿ."

ನಾನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಗುರುತು ಹಾಕಿದೆ. ಅವನು ಮಾತಾಡದೆ ಬೆಂಚಿಗೆ ಹೋಗಿ ಕೂತ.

ಗಾಡಿಯಲ್ಲಿ ಮಸ್ಜಿದ್ ದಾಟುವಷ್ಟರಲ್ಲಿ ನನ್ನ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯಿತು. ಹುಡುಗ ಸರಿ. ನಾನು ಮೇಜಿನ ಮೇಲೆ ಇಟ್ಟ ಹನ್ನೆರಡು ಕಾರ್ಡು ಎರಡು ಉತ್ತರಗಳನ್ನು ಹೇಳುತ್ತಿದ್ದವು. ಕಣ್ಣಿಗೊಂದು, ಕಿವಿಗೊಂದು. ಹನ್ನೆರಡರವರೆಗೂ ಎರಡೂ ಉತ್ತರ ಜೊತೆಜೊತೆಯಾಗಿ ನಡೆಯುತ್ತವೆ, ಹದಿಮೂರನೆಯದರಲ್ಲಿ ಬೇರೆಯಾಗುತ್ತವೆ. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣ ನಾಲಿಗೆಯ ಮೇಲೆ ನಿಲ್ಲುವುದೇ ಅಪರೂಪ. ಶಾಲೆಯಲ್ಲಿ ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದರಿಂದ ಅದು ನನ್ನ ಕಿವಿಗೆ ಬಂದಿದೆ, ಅವನಿಗೆ ಆ ಶಾಲೆ ಸಿಕ್ಕಿಲ್ಲ. ಅವನು ಮೇಜಿನ ಮೇಲೆ ಇದ್ದದ್ದನ್ನು ನೋಡಿದ. ನಾನು ಮೇಜಿನ ಮೇಲೆ ಇಲ್ಲದ್ದನ್ನು ಕೇಳಿದೆ. ಹೊಟ್ಟೆ ಸೀಳು ನೋಡು ಎಂದು ಅವನಿಗೆ ಕಲಿಸಿದವನೂ ನಾನೇ. ಮರುದಿನ ಎಲ್ಲರೆದುರು ಅವನ ಹತ್ತಿರ ಹೋಗಿ, ನಿನ್ನ ಉತ್ತರ ಸರಿ, ನನ್ನ ಒಗಟು ಕೆಟ್ಟದು ಎಂದೆ. ಕೆಂಪು ಶಾಯಿ ಅಳಿಸಲು ಬರುವುದಿಲ್ಲ. ಪಕ್ಕದಲ್ಲಿ ನೀಲಿಯಲ್ಲಿ ಸರಿ ಗುರುತು ಹಾಕಿದೆ. ಆ ರಿಜಿಸ್ಟರಿನ ಹಿಂದಿನ ಹಾಳೆಗಳನ್ನು ತಿರುವಿ ಹಾಕುವ ಧೈರ್ಯ ಮಾತ್ರ ಬಹಳ ದಿನ ಬರಲಿಲ್ಲ.

ಅಲ್ಲಿಂದ ನನ್ನ ಹುಚ್ಚಿನ ದಿಕ್ಕು ಬದಲಾಯಿತು. ಹುಡುಗರನ್ನು ಅಳೆಯಲು ಒಗಟು ಮಾಡುತ್ತಿದ್ದವನು ಒಗಟುಗಳನ್ನೇ ವಿಂಗಡಿಸಲು ಕೂತೆ. ಬ್ಯಾಂಕಿನಲ್ಲಿ ಎಸೆಯುವ ಕಂದು ಲಕೋಟೆಗಳನ್ನು ತಂದು, ಪ್ರತಿ ಒಗಟಿನ ಕಾರ್ಡುಗಳನ್ನು ಒಂದೊಂದರಲ್ಲಿ ಹಾಕಿ, ಲಕೋಟೆಯ ಮೈಮೇಲೆ ಅದೇ ಹನ್ನೆರಡು ಚಿತ್ರಗಳನ್ನು ಕಡಲೆಕಾಳಿನಷ್ಟು ಚಿಕ್ಕದಾಗಿ ಬರೆದೆ. ಈಗ ಲಕೋಟೆಯೇ ಒಂದು ಕಾರ್ಡಾಯಿತು. ಆರು ಲಕೋಟೆ ಎಡಕ್ಕೆ, ಆರು ಬಲಕ್ಕೆ ಹಾಸಿ ಕೇಳಬಹುದು: ಈ ಆರು ಒಗಟಿಗೂ ಸಮಾನವಾದದ್ದು ಏನು, ಆ ಆರರಲ್ಲಿ ಇಲ್ಲದ್ದು ಏನು? ಒಗಟಿನ ಬಗ್ಗೆ ಒಗಟು. ಬಿಡಿಸಬೇಕಾದರೆ ಮೊದಲು ಹನ್ನೆರಡನ್ನೂ ಒಳಗಿನಿಂದ ಬಿಡಿಸಬೇಕು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಅವನ್ನು ನಾನು ಹೇಗೆ ಬಿಡಿಸಿದೆ ಎಂದು ನನ್ನನ್ನೇ ನೋಡಿಕೊಳ್ಳಬೇಕು.

ಮೊದಲು ಮಾಡಿದ್ದು ಕಣ್ಣು ಮತ್ತು ಕಿವಿಯದು. ಎಡದ ಲಕೋಟೆಗಳನ್ನು ಓದು ಬಾರದವನೂ ಬಿಡಿಸಬಲ್ಲ: ತಲೆಕಟ್ಟು, ದೊಡ್ಡದು–ಚಿಕ್ಕದು, ಮುಚ್ಚಿದ ಗೆರೆ–ತೆರೆದ ಗೆರೆ. ಬಲದವಕ್ಕೆ ಓದು ಬೇಕು: ಸ್ವರ–ವ್ಯಂಜನ, ಪಶ್ಚಿಮ ರೈಲ್ವೆಯ ಸ್ಟೇಶನ್ನು–ಮಧ್ಯ ರೈಲ್ವೆಯ ಸ್ಟೇಶನ್ನು. ನಮ್ಮ ಛ-ಢ-ಥ ಲಕೋಟೆ ಎರಡು ಕಡೆಗೂ ಸೇರಲಿಲ್ಲ. ಅದನ್ನು ತೆಗೆದು ಬೇರೆ ಇಟ್ಟೆ.

ಓದು ಬಂದವರಿಗೆ ಬಲಗಡೆಯದು, ಬಾರದವರಿಗೆ ಎಡಗಡೆಯದು ಎಂದು ನಾನು ನಿಶ್ಚಿಂತೆಯಿಂದಿದ್ದೆ. ಹುಡುಗರೇ ಒಂದು ಲಕೋಟೆ ಮಾಡಿ ತಂದರು. ಎಡಕ್ಕೆ ಇಡ್ಲಿ, ಕೊಟ್ಟೆಕಡುಬು, ಮೂಡೆ, ಸೇಮಿಗೆ, ಪತ್ರೊಡೆ, ಪುಟ್ಟು. ಬಲಕ್ಕೆ ದೋಸೆ, ನೀರುದೋಸೆ, ಉತ್ತಪ್ಪ, ಚಪಾತಿ, ರೊಟ್ಟಿ, ಆಮ್ಲೆಟ್. ಪೆನ್ಸಿಲಿನಲ್ಲಿ ಬರೆದ ಒರಟು ಚಿತ್ರಗಳು. ಆವಿಯಲ್ಲಿ ಬೆಂದದ್ದು, ಕಾವಲಿಯ ಮೇಲೆ ಬೆಂದದ್ದು. ಹೋಟೆಲಿನ ಒಳಗೆ ಕೆಲಸ ಮಾಡಿದ ಯಾವ ಹುಡುಗನೂ ಐದು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ತಲೆಕಟ್ಟನ್ನು ಒಂದು ನಿಮಿಷಕ್ಕೆ ಬಿಡಿಸಿದ ನನ್ನ ಸಹೋದ್ಯೋಗಿ ಇದರ ಮುಂದೆ ಎರಡು ದಿನ ಕೂತರು. ಅವರು ಕಂಡದ್ದು ದುಂಡಗಿನವು, ಚಪ್ಪಟೆಯವು, ಸುರುಳಿಯವು. ಆವಿ ಅವರಿಗೆ ಕಾಣಲಿಲ್ಲ. ಈ ಲಕೋಟೆಗೆ ಅಕ್ಷರ ಬೇಡ, ಆದರೆ ಬರೀ ಕಣ್ಣೂ ಸಾಲದು. ಆ ದಿನ ನನಗೆ ಗಟ್ಟಿಯಾಗಿ ಮನಸ್ಸಿಗೆ ಬಂದದ್ದು: ಯಾವ ಒಗಟೂ ಯಾರದೋ ಒಬ್ಬರ ಬದುಕಿನ ಒಳಗಿಂದ ಬಂದಿರುತ್ತದೆ. ಬುದ್ಧಿ ಪರೀಕ್ಷೆ ಎಂದು ಅಚ್ಚು ಹಾಕಿ ಹಂಚುವ ಚಿತ್ರದ ಹಾಳೆಗಳೂ ಹಾಗೆಯೇ. ಮಹಾರಾಷ್ಟ್ರದ ಸ್ಕಾಲರ್‌ಶಿಪ್ ಪರೀಕ್ಷೆಯ 'ಬುದ್ಧಿಮತ್ತಾ ಚಾಚಣಿ'ಗೆ ನಾನು ಆಮೇಲೆ ಅನೇಕ ಮಕ್ಕಳನ್ನು ತಯಾರು ಮಾಡಿದೆ. ಗುಂಪಿಗೆ ಸೇರದ್ದನ್ನು ಹುಡುಕು ಎಂಬ ಪ್ರಶ್ನೆ ಬಂದಾಗಲೆಲ್ಲ ಮಗು ಯಾವುದನ್ನು ಆರಿಸಿತು ಎಂಬುದಕ್ಕಿಂತ ಮೊದಲು ಯಾಕೆ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಇಡ್ಲಿ–ದೋಸೆಯ ಲಕೋಟೆಯಿಂದ.

ಇನ್ನೊಂದು ಜೋಡಿ ಲಕೋಟೆಯನ್ನು ನಾನು ಎಷ್ಟು ಸಲ ಎಷ್ಟು ಜನರ ಮುಂದೆ ಹಾಸಿದ್ದೇನೋ ಲೆಕ್ಕವಿಲ್ಲ. ಒಂದರಲ್ಲಿ ಎಡಕ್ಕೆ ಆರು ಕಪ್ಪು ತ್ರಿಕೋನ, ಬಲಕ್ಕೆ ಆರು ಕಪ್ಪು ವೃತ್ತ. ಉತ್ತರ: ತ್ರಿಕೋನ. ಎರಡನೆಯದರಲ್ಲಿ ಎಡಕ್ಕೆ ಅದೇ ಆರು ಕಪ್ಪು ತ್ರಿಕೋನ, ಬಲಕ್ಕೆ ಆರು ಬಿಳಿ ತ್ರಿಕೋನ. ಉತ್ತರ: ಕಪ್ಪು. ಎಡದ ಕಾರ್ಡುಗಳು ಒಂದು ಕೂದಲಷ್ಟೂ ಬದಲಾಗಿಲ್ಲ. ಎದುರು ಯಾರನ್ನು ನಿಲ್ಲಿಸಿದಿರಿ ಎಂಬುದರ ಮೇಲೆ ಅವುಗಳ ಗುಣವೇ ಬೇರೆಯಾಯಿತು. ರಿಜಿಸ್ಟರಿನಲ್ಲಿ ಕೆಂಪು ಗುರುತು ಹಾಕುವಾಗ ಆ ಹುಡುಗನ ಎದುರಿಗೆ ನಾನು ಯಾರನ್ನು ನಿಲ್ಲಿಸಿಕೊಂಡಿದ್ದೆ ಎಂದು ಆಗ ಯೋಚಿಸಿದೆ. ಊರಿನಲ್ಲಿ ಏಳನೆಯ ಕ್ಲಾಸಿನವರೆಗೆ ಓದಿ ಬಂದ ಇಬ್ಬರನ್ನು. ಅವರ ಎದುರು ಅವನು ಮಂದ. ನನ್ನ ಬ್ಯಾಂಕಿನವರ ಎದುರು, ಇಡ್ಲಿ ಲಕೋಟೆ ಹಿಡಿದು ನಿಲ್ಲಿಸಿದ್ದರೆ?

ಇದೇ ದಾರಿಯಲ್ಲಿ ಇನ್ನೊಂದು ಭೇದ ಸಿಕ್ಕಿತು. ಕೆಲವು ಒಗಟುಗಳಲ್ಲಿ ಬಲಗಡೆಗೂ ಒಂದು ಹೆಸರಿರುತ್ತದೆ: ತ್ರಿಕೋನ–ಚತುಷ್ಕೋನ, ಅಡ್ಡ–ಉದ್ದ. ಇನ್ನು ಕೆಲವುಗಳಲ್ಲಿ ಎಡಗಡೆಗೆ ಮಾತ್ರ ಹೆಸರು. ಬಲ ಎಂದರೆ ಬರೀ 'ಅದಲ್ಲದ್ದು'. ಇದನ್ನು ಹುಡುಗರಿಗೆ ತಿಳಿಸಲು ಗಾಡಿಯೇ ಸಾಕಾಯಿತು. ಫಾಸ್ಟ್–ಸ್ಲೋ, ಎರಡಕ್ಕೂ ಹೆಸರಿದೆ. ಆದರೆ ಹೆಂಗಸರ ಡಬ್ಬಿಯ ಮೇಲೆ ಆಗ ಸೆರಗು ಹೊದ್ದ ಹೆಣ್ಣಿನ ಚಿತ್ರ ಇತ್ತು. ಉಳಿದ ಡಬ್ಬಿಗಳ ಮೇಲೆ ಗಂಡಿನ ಚಿತ್ರ ಇರಲಿಲ್ಲ. ಗಂಡಸಿಗೆ ಗುರುತು ಬೇಕಾಗಿಯೇ ಇರಲಿಲ್ಲ. ಇದನ್ನು ಹೇಳಿದವನೂ ಬೈಂದೂರಿನ ಆ ಹುಡುಗನೇ. ಅವನು ಓದಲು ಕಲಿಯುವ ಮೊದಲು ಇಡೀ ಮುಂಬಯಿಯನ್ನು ಗುರುತುಗಳಿಂದಲೇ ಓದಿಕೊಂಡಿದ್ದ. ಮಧ್ಯ ರೈಲ್ವೆಯ ಇಂಡಿಕೇಟರಿನಲ್ಲಿ ಕರ್ಜತ್ ಗಾಡಿಗೆ ಎಸ್, ಕಸಾರಾ ಗಾಡಿಗೆ ಎನ್, ಠಾಣೆಗೆ ಟಿ, ಕಲ್ಯಾಣಕ್ಕೆ ಕೆ. ಅದರ ಪಕ್ಕದಲ್ಲಿ ಸ್ಲೋ ಗಾಡಿಗೆ ಎಸ್, ಫಾಸ್ಟಿಗೆ ಎಫ್. ಅಂದರೆ ಒಂದೇ ಎಸ್, ಮೊದಲ ಜಾಗದಲ್ಲಿ ಕೂತರೆ ಊರು, ಎರಡನೆಯ ಜಾಗದಲ್ಲಿ ಕೂತರೆ ವೇಗ. ಇಂಗ್ಲಿಷಿನ ಒಂದು ಅಕ್ಷರವೂ ಬಾರದ ಹುಡುಗ ಈ ವ್ಯಾಕರಣವನ್ನು ಬಂದ ಮೊದಲ ತಿಂಗಳಲ್ಲೇ ಕಲಿತಿದ್ದ. ತಪ್ಪಿದರೆ ರಾತ್ರಿ ಎಲ್ಲೋ ಇಳಿಯಬೇಕಲ್ಲ. ಆಕಾರದಿಂದ ಬಿಡಿಸುವ ಒಗಟು, ಜಾಗದಿಂದ ಬಿಡಿಸುವ ಒಗಟು ಎಂಬ ವಿಂಗಡಣೆ ನನ್ನ ಲಕೋಟೆಗಳಿಗೆ ಬಂದದ್ದು ಹಾಗೆ.

ಫೋರ್ಟಿನಿಂದ ಬಸ್ಸಿನಲ್ಲಿ ಹೋಗಬಹುದಾದ ಕೊಲಾಬಾದ ತುದಿಯಲ್ಲಿ, ಸಮುದ್ರದ ಅಂಚಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಚಿತ್ರವನ್ನು ಗುರುತಿಸುವುದು ಎಂದರೇನು ಎಂಬ ಇದೇ ವಿಷಯವನ್ನು ತಲೆಗೆ ಹಚ್ಚಿಕೊಂಡ ಒಬ್ಬರಿದ್ದರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಆರ್. ನರಸಿಂಹನ್. ಅಲ್ಲಿ 1960ರಲ್ಲಿ ಕೆಲಸ ಶುರುಮಾಡಿದ, ನಮ್ಮ ದೇಶದಲ್ಲೇ ಕಟ್ಟಿದ ಟಿಫ್ರಾಕ್ ಕಂಪ್ಯೂಟರಿನ ಹಿಂದಿದ್ದವರು. ಆಮೇಲೆ ಕೆಲವು ವರ್ಷ ಅಮೆರಿಕದ ಇಲಿನಾಯ್ಸ್‌ನಲ್ಲಿ, ಕಣಗಳು ದ್ರವದಲ್ಲಿ ಬಿಟ್ಟು ಹೋಗುವ ಗುಳ್ಳೆಗೆರೆಗಳ ಫೋಟೋಗಳನ್ನು ಯಂತ್ರ ಹೇಗೆ ಓದಬೇಕು ಎಂಬುದರ ಮೇಲೆ ಕೆಲಸ ಮಾಡಿದರು. ಕೈಯಲ್ಲಿ ಬರೆದ ಇಂಗ್ಲಿಷ್ ಅಕ್ಷರಗಳ ಮೇಲೂ ಅವರ ಕೆಲಸ ಇದೆ. ಚಿತ್ರವೊಂದಕ್ಕೆ ಹೆಸರಿನ ಚೀಟಿ ಅಂಟಿಸಿ ಹೌದು, ಅಲ್ಲ ಎಂದು ಮುಗಿಸುವುದು ಗುರುತಿಸುವಿಕೆಯಲ್ಲ. ಅದರ ಭಾಗಗಳು ಯಾವುವು, ಅವು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂದು ವಾಕ್ಯ ಬಿಡಿಸಿದ ಹಾಗೆ ವಿವರಿಸಬೇಕು ಎಂಬುದು ಅವರ ವಾದ. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಬಿಳುಚಿದ ಬೆರಳು: ಇದಕ್ಕೆ ಇತ್ತ್, ಇದಕ್ಕೆ ಇತ್ತ್, ಇದಕ್ಕಿಲ್ಲ.

ಲಕೋಟೆಗಳು ನೂರು ದಾಟಿದವು. ಡೊಂಬಿವಲಿಯ ಒಂದೂವರೆ ಖೋಲಿಯಲ್ಲಿ ಅವಕ್ಕೆ ಜಾಗ ಮಾಡುವುದೇ ಒಂದು ಕೆಲಸ. ಬಿಸ್ಕತ್ತಿನ ತಗಡಿನ ಡಬ್ಬಿಗಳನ್ನು ತಂದು, ಕಣ್ಣಿನವು ಒಂದರಲ್ಲಿ, ಓದಿನವು ಒಂದರಲ್ಲಿ, ಕೆಲಸದ ಅನುಭವದವು ಒಂದರಲ್ಲಿ ಎಂದು ಹಂಚಿದೆ. ಸರಿಹೋಗಲಿಲ್ಲ. ಸ್ಟೇಶನ್ನಿನ ಲಕೋಟೆ ಓದಿನದೂ ಹೌದು, ಬಲಗಡೆಗೆ ಹೆಸರಿರುವುದೂ ಹೌದು; ಒಂದು ಡಬ್ಬಿಗೆ ಹಾಕಿದರೆ ಇನ್ನೊಂದಕ್ಕೆ ಅನ್ಯಾಯ. ಅದರೊಳಗೆ ದಾದರ್ ಕಾರ್ಡು ಹಾಕಬೇಡಿ, ಅದು ಎರಡೂ ರೈಲ್ವೆಯಲ್ಲಿದೆ ಎಂದು ಹುಡುಗರು ನನಗೆ ಎಚ್ಚರಿಕೆ ಕೊಟ್ಟಿದ್ದರು. ಈಗ ಲಕೋಟೆಗಳೆಲ್ಲ ದಾದರ್ ಆಗಿದ್ದವು. ಎಷ್ಟೋ ಭಾನುವಾರಗಳು ನೆಲದ ಮೇಲೆ ಲಕೋಟೆ ಹರಡಿಕೊಂಡು ಕಳೆದುಹೋದವು.

ದಾರಿ ತೋರಿಸಿದ್ದು ಊಟದ ಡಬ್ಬಿ. ನಮ್ಮ ಬ್ಯಾಂಕಿಗೆ ಡಬ್ಬಾವಾಲ ತರುತ್ತಿದ್ದ ಡಬ್ಬಿಗಳ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಗುರುತುಗಳನ್ನು ನೋಡದವರು ಮುಂಬಯಿಯಲ್ಲಿಲ್ಲ. ಎಲ್ಲಿಂದ ಹೊರಟಿತು, ಯಾವ ಸ್ಟೇಶನ್ನಿನಲ್ಲಿ ಇಳಿಯಬೇಕು, ಯಾವ ಕಟ್ಟಡ, ಯಾವ ಮಾಳಿಗೆ, ಎಲ್ಲವೂ ಒಂದೇ ಮುಚ್ಚಳದ ಮೇಲೆ ಬೇರೆ ಬೇರೆ ಗುರುತು. ಹೊರಟ ಸ್ಟೇಶನ್ನಿನಲ್ಲಿ ವಿಂಗಡಿಸುವವನು ಒಂದು ಗುರುತು ನೋಡುತ್ತಾನೆ, ಇಳಿದ ಕಡೆ ವಿಂಗಡಿಸುವವನು ಇನ್ನೊಂದನ್ನು. ಡಬ್ಬಿ ಅದೇ, ರಾಶಿ ಪ್ರತಿ ಸಲ ಹೊಸದು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಪುಸ್ತಕಗಳಿಗೆ ಕೊಲನ್ ವರ್ಗೀಕರಣ ಮಾಡಿದಾಗ ಹಿಡಿದದ್ದೂ ಇಂಥದೇ ದಾರಿ: ಪುಸ್ತಕವನ್ನು ಒಂದು ಗೂಡಿಗೆ ತಳ್ಳುವುದಲ್ಲ, ಅದರ ಮುಖಗಳನ್ನು ಒಂದೊಂದಾಗಿ ಎಣಿಸಿ ಜೋಡಿಸುವುದು. ನಾನು ಹೆಂಡತಿಯ ಹೊಲಿಗೆಯ ಪೆಟ್ಟಿಗೆಯಿಂದ ಬಣ್ಣದ ನೂಲು ತೆಗೆದೆ. ಪ್ರತಿ ಲಕೋಟೆಯ ಮೂಲೆಯಲ್ಲಿ ಒಂದು ತೂತು. ಕಣ್ಣೊಂದೇ ಸಾಕಾದರೆ ಹಸಿರು, ಓದು ಬೇಕಾದರೆ ನೀಲಿ, ದುಡಿಮೆಯ ಅನುಭವ ಬೇಕಾದರೆ ಹಳದಿ. ಬಲಗಡೆಗೂ ಹೆಸರಿದ್ದರೆ ಬಿಳಿ. ಒಗಟಿನ ಒಳಗೆ ಒಗಟುಗಳಿದ್ದರೆ ಕಪ್ಪು. ಎರಡು ಉತ್ತರ ಬರುವಂತಿದ್ದರೆ ಕೆಂಪು. ಮೊದಲ ಕೆಂಪು ನೂಲು ಛ-ಢ-ಥ ಲಕೋಟೆಗೆ.

ಕಪ್ಪು ನೂಲಿನದರಲ್ಲಿ ಒಂದು ತೊಡಕು ಬಂತು. ಹನ್ನೆರಡು ಲಕೋಟೆಗಳ ಒಂದು ದೊಡ್ಡ ಲಕೋಟೆ ಮಾಡಿದ್ದೆ: ಎಡದ ಆರರ ಒಳಗೆ ಒಗಟುಗಳಿವೆ, ಬಲದ ಆರರ ಒಳಗೆ ಬರೀ ಚಿತ್ರಗಳಿವೆ. ಮುಂದಿನ ಬೆಂಚಿನ ಒಬ್ಬ ಚಿಕ್ಕ ಹುಡುಗ ಎದ್ದು, ಈ ದೊಡ್ಡ ಲಕೋಟೆಯನ್ನು ಯಾವ ಬದಿಗೆ ಇಡುವುದು ಎಂದು ಕೇಳಿದ. ಇದರ ಒಳಗೂ ಒಗಟುಗಳೇ ಇರುವುದರಿಂದ ಎಡಕ್ಕೆ ಎಂದೆ. ಹಾಗಾದರೆ ಅದು ತನ್ನೊಳಗೇ ಹೋಗಬೇಕಲ್ಲ, ಹೇಗೆ ಹೋಗುತ್ತದೆ ಎಂದ. ಎಲ್ಲರೂ ಲಕೋಟೆಯನ್ನೇ ನೋಡಿದರು. ಚಿತ್ರವಾಗಿ ಹೋಗಬಹುದು, ಒಂದು ಪುಟ್ಟ ಲಕೋಟೆಯ ಚಿತ್ರ ಬರೆದರೆ ಆಯಿತು ಎಂದು ಇನ್ನೊಬ್ಬ. ಆ ಪುಟ್ಟದರ ಮೇಲೆ ಮತ್ತೂ ಪುಟ್ಟದು ಬರೆಯಬೇಕಾಗುತ್ತದಲ್ಲ ಎಂದು ಮತ್ತೊಬ್ಬ. ತನ್ನನ್ನು ತಾನು ಒಳಗೊಳ್ಳದ ಗುಂಪುಗಳ ಗುಂಪು ಎಂಬ ತೊಡಕಿನಲ್ಲಿ ಬರ್ಟ್ರಂಡ್ ರಸೆಲ್ 1901ರಲ್ಲಿ ಸಿಕ್ಕಿಬಿದ್ದದ್ದನ್ನು ನಾನು ಹೇಳಹೊರಟೆ. ಅಷ್ಟರಲ್ಲಿ ಒಂಬತ್ತೂವರೆಯ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ರಾತ್ರಿಶಾಲೆಯಲ್ಲಿ ಗಂಟೆ ಹೊಡೆದ ಮೇಲೂ ಹುಡುಗರು ಕೂತಿದ್ದ ಸಂತೋಷವನ್ನು ನಾನು ಬೇರೆ ಯಾವುದಕ್ಕೂ ಹೋಲಿಸಲಾರೆ.

ವರ್ಷಗಳು ಕಳೆದವು. ಹೋಟೆಲುಗಳಿಗೆ ಊರಿನ ಹುಡುಗರು ಬರುವುದು ಕಡಿಮೆಯಾಯಿತು, ಬಂದವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಒಂದು ದಿನ ನಾನೂ ರಾತ್ರಿಶಾಲೆಯ ಮೆಟ್ಟಿಲು ಇಳಿದೆ. ಬೊಂಗಾರ್ಡನ ಒಗಟುಗಳ ಕಡೆ ಲೋಕದ ಕಣ್ಣು ಮತ್ತೆ ಹೊರಳಿದ್ದನ್ನು ಮಗಳು ಹೇಳುತ್ತಿರುತ್ತಾಳೆ. ಹಾಫ್‌ಸ್ಟಾಡ್ಟರ್‌ನ ಶಿಷ್ಯ ಹ್ಯಾರಿ ಫೌಂಡಾಲಿಸ್ 2006ರಲ್ಲಿ ಅವನ್ನು ಬಿಡಿಸುವ ಒಂದು ಪ್ರೋಗ್ರಾಮನ್ನೇ ಪಿಎಚ್‌.ಡಿ.ಗೆ ಬರೆದ, 2020ರಲ್ಲಿ ಯಂತ್ರಗಳ ಪರೀಕ್ಷೆಗಾಗಿ ಇಂಥ 12,000 ಒಗಟುಗಳನ್ನು ಒಟ್ಟಿಗೆ ತಯಾರಿಸಿದರು. ಯಂತ್ರ ಎಷ್ಟು ಬಿಡಿಸಿತು ಎಂದು ಅವಳು ಹೇಳಿದಾಗಲೆಲ್ಲ ನಾನು ಕೇಳುವುದು ಒಂದೇ: ಬಿಡಿಸದೆ ಬಿಟ್ಟದ್ದು ಯಾವುವು, ಅವನ್ನು ಒಟ್ಟಿಗೆ ಹಾಸಿ ಯಾರಾದರೂ ನೋಡಿದ್ದಾರೆಯೇ?

ಹೋದ ಮಳೆಗಾಲದಲ್ಲಿ ಬೈಂದೂರಿನ ಆ ಹುಡುಗ ಮನೆಗೆ ಬಂದ. ಹುಡುಗನಲ್ಲ, ಐವತ್ತೈದು ದಾಟಿದವರು; ಮೀರಾ ರೋಡಿನಲ್ಲಿ ಚಿಕ್ಕದೊಂದು ಹೋಟೆಲು, ಮೊಮ್ಮಗಳು ಹುಟ್ಟಿದ ಸಿಹಿ ಹಿಡಿದು ಬಂದಿದ್ದರು. ನನಗೆ ನೀವು ಎನ್ನಲು ಬಾಯಿ ಬಾರದು, ಅವನಿಗೆ ನನ್ನೆದುರು ಕುರ್ಚಿಯಲ್ಲಿ ಒರಗಿ ಕೂರಲು ಬಾರದು. ಚಹಾ ಆದ ಮೇಲೆ ಡಬ್ಬಿ ತೆಗೆದೆ. ಹೊರಗೆ ಧೋ ಎಂದು ಮಳೆ, ಗಾಡಿ ಬಂದ್ ಎಂಬ ಸುದ್ದಿ. ಅವನು ನೆಲದ ಮೇಲೆ ಕೂತು ಒಂದೊಂದೇ ಲಕೋಟೆ ತೆಗೆದು ನೋಡಿದ. ಇಡ್ಲಿ–ದೋಸೆಯದು ಬಂದಾಗ ಯಾರು ಯಾವ ಚಿತ್ರ ಬರೆದದ್ದು ಎಂದು ಹೆಸರು ಹಿಡಿದು ಹೇಳಿದ. ಅವರಲ್ಲಿ ಇಬ್ಬರು ಈಗಿಲ್ಲ.

ಆಮೇಲೆ ಛ-ಢ-ಥ ಲಕೋಟೆ. ಕಾರ್ಡುಗಳನ್ನು ಹಾಸಿದ. ಹದಿಮೂರನೆಯದೂ ಒಳಗೇ ಇತ್ತು. ಖ ಹಿಡಿದು ಅವನು ಎಡವನ್ನೂ ಬಲವನ್ನೂ ನೋಡಿದ, ಆಗ ನೋಡಿದಷ್ಟೇ ಹೊತ್ತು. ಬಲಕ್ಕೆ ಇಡಲಿಲ್ಲ, ಎಡಕ್ಕೂ ಇಡಲಿಲ್ಲ. ಲಕೋಟೆಯ ಮೂಲೆಯ ಕೆಂಪು ನೂಲಿನ ಕೆಳಗೆ ಬೆರಳಿಟ್ಟು, "ಮಾಷ್ಟ್ರೆ, ಇದಕ್ಕೆ ಹಳದಿ ಯಾಕ್ ಕಟ್ಲಿಲ್ಲ?" ಎಂದ.

ಹಳದಿ ಎಂದರೆ ದುಡಿಮೆಯ ಅನುಭವ ಬೇಕಾದದ್ದು. ಇದಕ್ಕೆ ಯಾಕೆ ಎಂದೆ.

"ಸಣ್ಣಕ್ಕಿಪ್ಪಗ ನಾ ಬೋರ್ಡ್ ಒರ್ಸ್ತಿದ್ದೆ ಅಲ್ದಾ, ಹೋಟ್ಲಂಗೆ. ದಿನಾ ಬರೂ ಅಕ್ಷರ. ಒರ್ಸೂಕಾರೆ ಆ ಹೊಟ್ಟಿ ಗೀಟೇ ಕಡೀಗೆ ಹೋಪ್ದ್."

ಬೆಳಗಿನ ತಿಂಡಿಯ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಆ ಸೀಳುಗೆರೆ ಎಲ್ಲಕ್ಕಿಂತ ಕೊನೆಗೆ ಅಳಿಸುತ್ತದಂತೆ. ಬರೆಯುವವನು ಸೀಮೆಸುಣ್ಣ ಒತ್ತಿ ಎಳೆಯುವುದು ಅಲ್ಲಿಯೇ. ಅದಕ್ಕೇ ಅವನಿಗೆ ಮೊದಲು ಕಂಡದ್ದು ಅದು. ನಾನು ಒಳಗೆ ಹೋಗಿ ಹೊಲಿಗೆಯ ಪೆಟ್ಟಿಗೆ ಹುಡುಕಿ ತಂದೆ. ಹಳದಿ ನೂಲು ಮುಗಿದಿತ್ತು. ಸಿಹಿಯ ಪೊಟ್ಟಣಕ್ಕೆ ಕಟ್ಟಿದ್ದ ಹಳದಿ ಲಾಡಿಯನ್ನು ಅವನೇ ಬಿಚ್ಚಿ, ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ತೂತಿಗೆ ಪೋಣಿಸಿ, ಕೆಂಪಿನ ಪಕ್ಕ ಎರಡು ಗಂಟು ಹಾಕಿದ.